ಹೊಸದು ಅಂದಿದ್ದು ನಾನು

ಯಾವ ಟೈರು ಕೈಗೆ ಬಂದರೂ ಗಂಗಣ್ಣ ಮೊದಲು ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಿದ್ದ. ಉಗುರು ರಬ್ಬರಿನೊಳಗೆ ಕೊಂಚ ಇಳಿದು, ತೆಗೆದ ಮೇಲೆ ಗುರುತು ನಿಧಾನಕ್ಕೆ ಮಾಯವಾದರೆ ಅವನಿಗೆ ಒಪ್ಪಿಗೆ. ಆಮೇಲೆ ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಹುಡುಕುತ್ತಿದ್ದ. ಮೊದಲಿನ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಅದನ್ನು ಸೀಮೆಸುಣ್ಣದಲ್ಲಿ ಟೈರಿನ ಮೇಲೆ ದೊಡ್ಡದಾಗಿ ಬರೆದು ಗಿರಾಕಿಯನ್ನು ಕರೆದು ತೋರಿಸುತ್ತಿದ್ದ. "ಇಪ್ಪತ್ತೆರಡ್ನೇ ವಾರ, ಇಪ್ಪತ್ನಾಲ್ಕನೇ ಇಸ್ವಿ. ನೋಡ್ಕೊಂಡ್ರಾ?" ಗಿರಾಕಿ ಹೂಂ ಅನ್ನುವ ತನಕ ಟೈರು ರಿಮ್ಮಿಗೆ ಏರುತ್ತಿರಲಿಲ್ಲ. ಅಂಗಡಿ ನನ್ನದು, ಟೈರು ನನ್ನದು, ಇವನು ಯಾಕೆ ಮದುವೆ ಹೆಣ್ಣಿನ ಜಾತಕ ಓದಿದ ಹಾಗೆ ಓದುತ್ತಾನೆ ಅಂತ ನನಗೆ ಎಷ್ಟೋ ಸಲ ರೇಗಿದ್ದುಂಟು.

ನಾನು ಗೋಪಾಲಪ್ಪ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಚೌಡೇಶ್ವರಿ ಟೈರ್ಸ್ ಅಂತ ಬೋರ್ಡು ಇದೆಯಲ್ಲ, ಅದು ನನ್ನದು. ಅದಕ್ಕೂ ಮುಂಚೆ ನಾವು ನೇಕಾರರು. ಅಪ್ಪನ ಕಾಲದಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗ ಇದ್ದವು. ಗಂಗಣ್ಣ ಸಾಸಲು ಕಡೆಯ ಒಕ್ಕಲು ಮನೆಯವನು. ಹತ್ತೊಂಬತ್ತನೇ ವಯಸ್ಸಿಗೆ ನಮ್ಮ ಮಗ್ಗ ರಿಪೇರಿಗೆ ಬಂದವನು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಮಗ್ಗ ನಿಂತೇಹೋದಾಗ ಅವನ್ನು ಗುಜರಿಗೆ ಹಾಕಿ ನಾನು ಟೈರಿನ ಅಂಗಡಿ ತೆರೆದೆ. ಅವನು ಊರಿಗೆ ಹೋಗುತ್ತಾನೆ ಅಂದುಕೊಂಡಿದ್ದೆ. ಮಾರನೇ ದಿನ ಸ್ಪ್ಯಾನರಿನ ಚೀಲ ಹಿಡಿದು ಟೈರಿನ ಅಂಗಡಿ ಮುಂದೆ ನಿಂತಿದ್ದ. "ಅದೂ ತಿರ್ಗೋದೇ, ಇದೂ ತಿರ್ಗೋದೇ ಗೋಪಾಲಣ್ಣ. ಕಲ್ತ್ಕೋತೀನಿ ಬಿಡಿ" ಅಂದ.

ಕಲಿತ. ನಾನು ಟೈರು ಮಾರುವುದಕ್ಕೆ ಕಲಿತೆ, ಅವನು ಗಾಡಿಯನ್ನೇ ಕಲಿತ. ಬಾನೆಟ್ಟಿನ ಒಂದೊಂದು ಮೂಲೆಯನ್ನೂ ಅಂಗೈಯಿಂದ ಒತ್ತಿ ಬಿಟ್ಟು, ಗಾಡಿ ಎಷ್ಟು ಸಲ ಕುಣಿಯಿತು ಅಂತ ನೋಡಿ ಶಾಕ್ ಅಬ್ಸಾರ್ಬರ್ ಹೋಗಿದೆಯೋ ಇಲ್ಲವೋ ಹೇಳುತ್ತಿದ್ದ. ಅಲೈನ್‌ಮೆಂಟ್ ಮೆಶಿನ್ನು ತೋರಿಸುವುದಕ್ಕಿಂತ ಮೊದಲೇ ಸ್ಟಿಯರಿಂಗ್ ಯಾವ ಕಡೆ ಎಳೆಯುತ್ತದೆ ಅನ್ನುತ್ತಿದ್ದ. ಏರ್‌ಪೋರ್ಟ್ ರಸ್ತೆಯಲ್ಲಿ ಜೋರು ಗಾಡಿ ಓಡಿಸುವ ಹುಡುಗರಿಗೆಲ್ಲ ಸುದ್ದಿ ಹರಡಿತು. ಯಲಹಂಕದಿಂದ, ಹೊಸಕೋಟೆಯಿಂದ ಬರತೊಡಗಿದರು. ಬಂದವರು ಕೌಂಟರಿನಲ್ಲಿ ಕೂತ ನನ್ನ ಮುಖ ನೋಡಿ ಕೇಳುತ್ತಿದ್ದದ್ದು ಒಂದೇ: "ಗಂಗಣ್ಣ ಇದ್ದಾರಾ?"

ಹೊಟ್ಟೆಕಿಚ್ಚು ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಆಗ ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಸೂಲಿಬೆಲೆಯ ದೇವರಾಜ್ ಬಂದ. ಇಪ್ಪತ್ತೆಂಟರ ಹುಡುಗ, ಸುತ್ತಮುತ್ತಲ ಹಳ್ಳಿಗಳಿಗೆ ಹಸುವಿನ ಫೀಡ್ ಸಪ್ಲೈ ಮಾಡುತ್ತಾನೆ. ಬೆಂಗಳೂರಿನಲ್ಲಿ ಯಾರೋ ಮಾರಿದ ಸೆಡಾನ್ ಒಂದನ್ನು ತಂದಿದ್ದ. ಕಂಪನಿಯಿಂದ ಬಂದಾಗಲೇ ಅದು ಇನ್ನೂರಿಪ್ಪತ್ತು ಹಾರ್ಸ್‌ಪವರ್. ಅದು ಸಾಲದು ಅಂತ ಎಂಜಿನ್ನಿನ ಕಂಪ್ಯೂಟರನ್ನೇ ತಿದ್ದಿಸಿ, ರೀಮ್ಯಾಪ್ ಮಾಡಿಸಿ ಇನ್ನೂರೆಂಬತ್ತಕ್ಕೆ ಏರಿಸಿದ್ದ. ಹಳೇ ಟೈರು ಸವೆದಿದ್ದವು, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಮಾತ್ರ ಬೇರೆ. ಮೊಬೈಲು ತೆಗೆದು ವಿಡಿಯೋ ತೋರಿಸಿದ. ಗಾಡಿ ನೆಲ ನೆಕ್ಕುವ ಹಾಗೆ ಕೂತಿತ್ತು.

"ಎರಡು ಇಂಚು ಇಳಿಸ್ಬೇಕು ಗಂಗಣ್ಣ. ಸಖತ್ ಸ್ಟಿಫ್ ಇರ್ಬೇಕು."

ಗಂಗಣ್ಣ ಟೈರಿಗೂ ಮೇಲಿನ ತಗಡಿಗೂ ನಡುವೆ ಬೆರಳು ಇಟ್ಟು ಅಳೆದ. "ಮೂರು ಬೆರಳು ಜಾಗ ಐತೆ. ಒಂದು ಬೆರಳು ಇಳಿಸ್ಕೊಡ್ತೀನಿ. ಅದಕ್ಕಿಂತ ಇಳಿಸಿದ್ರೆ ನಿಮ್ಮೂರಿನ ಹಂಪ್ ದಾಟೋವಾಗ ಹೊಟ್ಟೆ ಉಜ್ಜುತ್ತೆ."

"ಸ್ಟಿಫ್ ಆದ್ರೆ ಗ್ರಿಪ್ ಜಾಸ್ತಿ ಅಲ್ವಾ?"

"ಯಾರಪ್ಪ ಹೇಳಿದ್ದು? ಮಗ್ಗದಲ್ಲಿ ಹಾಸು ಬಿಗಿ ಜಾಸ್ತಿ ಆದ್ರೆ ಎಳೆ ಕಿತ್ಕೊಳ್ಳುತ್ತೆ, ಸಡ್ಲ ಆದ್ರೆ ಬಟ್ಟೆ ಜೋಲು ಬೀಳುತ್ತೆ. ಇದೂ ಅಂಗೇಯ. ಸ್ಪ್ರಿಂಗು ಗಾಡೀನ ಹೊರುತ್ತೆ, ಶಾಕ್ ಅಬ್ಸಾರ್ಬರ್ರು ಅದರ ಕುಣಿತ ನಿಲ್ಸುತ್ತೆ. ಸ್ಪ್ರಿಂಗ್ ಒಂದೇ ಬಿಗಿ ಮಾಡ್ಬಿಟ್ರೆ ನಮ್ಮ ಗುಂಡಿ ರೋಡಲ್ಲಿ ಚಕ್ರ ಎಗರುತ್ತೆ. ಟೈರು ನೆಲ ಬಿಟ್ಮೇಲೆ ನಿಮ್ಮ ಇನ್ನೂರೆಂಬತ್ತು ಕುದ್ರೆ ಏನ್ ಮಾಡ್ತವೆ? ಗಾಳೀಲಿ ಓಡ್ತವೆ."

ದೇವರಾಜ್ ನಕ್ಕ. ಅರ್ಧ ಗಂಟೆಯಲ್ಲಿ ಗಂಗಣ್ಣ ಅವನನ್ನು ದಾರಿಗೆ ತಂದ. ನಾಲ್ಕೂ ಶಾಕ್ ಅಬ್ಸಾರ್ಬರ್ ಒಳ್ಳೇ ಕಂಪನಿಯದ್ದು, ಅದಕ್ಕೆ ಹೊಂದುವ ಸ್ವಲ್ಪವೇ ಗಟ್ಟಿಯಾದ ಸ್ಪ್ರಿಂಗು, ನಡುವೆ ಕೂರುವ ಸವೆದ ರಬ್ಬರ್ ಬುಷ್ಷುಗಳೆಲ್ಲ ಹೊಸದು. "ಎಲ್ಲಕ್ಕಿಂತ ಮೊದಲು ಟೈರು. ಮಿಕ್ಕಿದ್ದೆಲ್ಲ ಟೈರ್ ನೆಲಕ್ಕೆ ಅಂಟ್ಕೊಂಡಿರ್ಲಿ ಅಂತ ಮಾಡೋ ಸರ್ಕಸ್ಸು" ಅಂದ.

ದೇವರಾಜ್ ರಿಮ್ಮಿನ ಸೈಜು ಹೇಳಿದ. ಹದಿನೆಂಟಿಂಚು, ಅಗಲದ್ದು. ಅದು ಕಿವಿಗೆ ಬಿದ್ದದ್ದೇ ನಾನು ಕೌಂಟರಿನಿಂದ ಎದ್ದೆ.

ಆ ಸೈಜಿನ ನಾಲ್ಕು ಟೈರು ನಮ್ಮ ಅಟ್ಟದ ಮೇಲಿದ್ದವು. ವರ್ಷಗಳ ಹಿಂದೆ ಯಾರೋ ಆರ್ಡರ್ ಕೊಟ್ಟು, ತರಿಸುವಷ್ಟರಲ್ಲಿ ಗಾಡಿಯನ್ನೇ ಮಾರಿಬಿಟ್ಟಿದ್ದ. ನಮ್ಮ ಕಡೆ ಅಷ್ಟು ಅಗಲದ ಟೈರು ಕೇಳುವವರು ಯಾರು? ತಗಡಿನ ಚಾವಣಿಯ ಕೆಳಗೆ ಏಳು ಬೇಸಿಗೆ ಅಲ್ಲೇ ಕೂತಿದ್ದವು. ಅಟ್ಟ ಹತ್ತಿದಾಗಲೆಲ್ಲ ನನ್ನ ಪೆದ್ದುತನವನ್ನು ಅಣಕಿಸುತ್ತಿದ್ದವು. ಹೊಸ ಸೆಟ್ ತರಿಸುವುದಕ್ಕೆ ನಾಲ್ಕು ದಿನ ಸಾಕಾಗಿತ್ತು. ದೇವರಾಜ್ ಕಾಯುತ್ತಿದ್ದ ಕೂಡ, ಅವಸರ ಇಲ್ಲ ಅಂತ ಅವನೇ ಹೇಳಿದ್ದ. ನಾನು ಮಾತ್ರ "ಸ್ಟಾಕ್ ಇದೆ" ಅಂದೆ.

ಗಾಡಿ ಎರಡು ದಿನ ಜಾಕಿನ ಮೇಲಿತ್ತು. ಗಂಗಣ್ಣ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಕೂರಿಸಿದ. ಎರಡನೇ ದಿನ ಮಧ್ಯಾಹ್ನ ಹಿಂದಿನ ಎರಡು ಬುಷ್ ಮಾತ್ರ ಬಾಕಿ ಇತ್ತು, ಅದು ಬೆಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬರಬೇಕಾಗಿತ್ತು. ಅದನ್ನು ತರುವುದಕ್ಕೆ ಗಂಗಣ್ಣನನ್ನೇ ಬಸ್ ಸ್ಟ್ಯಾಂಡಿಗೆ ಕಳಿಸಿದೆ. ನಾನೇ ಹೋಗಬಹುದಿತ್ತು. ಅವನು ಗೇಟು ದಾಟಿದ ಮೇಲೆ ಅಟ್ಟದಿಂದ ಟೈರು ಇಳಿಸಿ, ಸುತ್ತಿದ ಹಾಳೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನನ್ನ ಕೈಯಾರೆ ನಾಲ್ಕೂ ರಿಮ್ಮಿಗೆ ಏರಿಸಿದೆ.

ಅಂಕಿ ಕಂಡಿತು. ಕಾಣಲಿಲ್ಲ ಅಂತ ಹೇಳಿಕೊಳ್ಳುವ ಭಾಗ್ಯ ನನಗಿಲ್ಲ. 1418. ಹದಿನೆಂಟನೇ ಇಸವಿಯ ಹದಿನಾಲ್ಕನೇ ವಾರ. ಉಗುರು ಕೂಡ ಒತ್ತಿ ನೋಡಿದೆ, ಇಳಿಯಲಿಲ್ಲ. ನನ್ನ ಉಗುರು ಮೆತ್ತಗಿದೆ ಅಂದುಕೊಂಡೆ. ಈ ಅಂಕಿ ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತದೆ, ಆ ಟೈರಿನಲ್ಲಿ ಅದು ಒಳಮಗ್ಗುಲಲ್ಲಿತ್ತು. ಗಾಡಿಗೆ ಹಾಕಿದ ಮೇಲೆ ಮಲಗಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಂಗಣ್ಣ ವಾಪಸ್ ಬರುವಷ್ಟರಲ್ಲಿ ಹಿಂದಿನ ಎರಡು ಚಕ್ರ ಬಿಟ್ಟು ಮುಂದಿನವನ್ನು ಹಾಕಿ ಬಿಗಿ ಮಾಡಿದ್ದೆ. ಹಿಂದಿನವನ್ನು ಒಳಮಗ್ಗುಲು ಗೋಡೆ ಕಡೆ ಮಾಡಿ ಒರಗಿಸಿದ್ದೆ, ಬುಷ್ ಕೂತ ಮೇಲೆ ಅವನ್ನೂ ನಾನೇ ಹಾಕಿದೆ. ಸಾವ್ಕಾರನಿಗೆ ಇದ್ದಕ್ಕಿದ್ದಂತೆ ಮೈ ಬಗ್ಗಿದ್ದು ಯಾಕೆ ಅಂತ ಅವನು ಯೋಚಿಸಲಿಲ್ಲವೋ, ಯೋಚಿಸಿಯೂ ಕೇಳಲಿಲ್ಲವೋ.

ಕೇಳಿದ್ದು ಒಂದೇ: "ತಾರೀಖು ನೋಡಿದ್ರಾ ಗೋಪಾಲಣ್ಣ?"

"ಹೊಸದು ಕಣೋ" ಅಂದೆ. "ಸುತ್ತಿದ ಹಾಳೆ ಕೂಡ ಬಿಚ್ಚಿರ್ಲಿಲ್ಲ."

ಈ ಮಾತನ್ನು ನಾನು ಪೂರ್ತಿ ಸುಳ್ಳು ಅಂತ ಅಂದುಕೊಂಡು ಆಡಲಿಲ್ಲ, ಅದೇ ನನ್ನ ಕರ್ಮ. ನಮ್ಮಮ್ಮನ ಬೀರುವಿನಲ್ಲಿ ಇಪ್ಪತ್ತು ವರ್ಷದ ಸೀರೆಗಳಿವೆ. ಮಡಿಕೆ ಬಿಚ್ಚಿಲ್ಲ. ಮದುವೆಗೆ ಯಾರಿಗಾದರೂ ಮಡಿಲು ತುಂಬುವಾಗ ಅದರಲ್ಲೊಂದು ತೆಗೆದು "ಹೊಸ ಸೀರೆ" ಅಂತ ಕೊಡುತ್ತಾಳೆ, ಇಸಕೊಂಡವರೂ ಹೊಸ ಸೀರೆ ಅಂತಲೇ ಉಡುತ್ತಾರೆ. ನೇಕಾರರ ಮನೆಯಲ್ಲಿ ಉಟ್ಟಿದ್ದು ಹಳೇದು, ಉಡದೇ ಇದ್ದದ್ದು ಹೊಸದು. ರೇಷ್ಮೆಗೆ ನಡೆಯುವ ಮಾತನ್ನು ರಬ್ಬರಿಗೆ ಅಂಟಿಸಿದೆ. ರಬ್ಬರು ಸುಮ್ಮನೆ ಕೂತಲ್ಲೇ ಮುಪ್ಪಾಗಿ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ ಅಂತ ಹದಿನೈದು ವರ್ಷ ಅದನ್ನೇ ಮಾರಿದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೆ ಅನುಕೂಲವಾದ ಅರ್ಥ ಹಿಡಿದುಕೊಂಡೆ, ಅಷ್ಟೇ.

ಗಂಗಣ್ಣ ನನ್ನ ಮಾತು ನಂಬಿದ. ಮೂವತ್ತು ವರ್ಷ ನಮ್ಮ ಮನೆಯ ಅನ್ನ ಉಂಡವನು, ನಂಬದೆ ಏನು ಮಾಡುತ್ತಾನೆ. ಅಲೈನ್‌ಮೆಂಟ್ ಮುಗಿಸಿ, ದೇವರಾಜನ ಕೈಗೆ ಕೀ ಕೊಡುವಾಗ ಅವನೇ ಹೇಳಿದ: "ಟೈರು ಹೊಸದು. ಇನ್ನೂರು ಕಿಲೋಮೀಟ್ರು ನಿಧಾನಕ್ಕೆ ಓಡ್ಸಿ, ಆಮೇಲೆ ಧೈರ್ಯವಾಗಿ ಹೋಗಿ." ನಾನು ಪಕ್ಕದಲ್ಲೇ ನಿಂತು ಬಿಲ್ಲು ಹರಿಯುತ್ತಿದ್ದೆ.

ಏಪ್ರಿಲ್ ಕೊನೆಯಲ್ಲಿ ಮೊದಲ ಮಳೆ ಬಿತ್ತು. ನೆಲ ನೆನೆಯುವಷ್ಟೇ, ಐದು ನಿಮಿಷದ ಮಳೆ. ದೇವರಾಜ್ ತನ್ನ ತಾಯಿ ಮುನಿತಾಯಮ್ಮನನ್ನು ದೇವನಹಳ್ಳಿಯ ನೆಂಟರ ಮನೆಗೆ ಕರೆದುಕೊಂಡು ಹೊರಟಿದ್ದ. ಹೊಸ ರಿಂಗ್ ರೋಡಿನ ತಿರುವಿನಲ್ಲಿ ಬ್ರೇಕ್ ಮುಟ್ಟಿದ್ದಷ್ಟೇ, ಗಾಡಿ ಅಡ್ಡಡ್ಡ ಜಾರಿ ರಸ್ತೆ ಬದಿಯ ಕಬ್ಬಿಣದ ಕಟಕಟೆಗೆ ಬಡಿಯಿತು. ಅವನಿಗೆ ಏನೂ ಆಗಲಿಲ್ಲ. ಮುನಿತಾಯಮ್ಮನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಆಯಮ್ಮ ಮೂವತ್ತು ವರ್ಷದಿಂದ ಕೈಯಲ್ಲೇ ಹಾಲು ಕರೆದವಳು.

ಎರಡು ದಿನ ಬಿಟ್ಟು ದೇವರಾಜ್ ಅಂಗಡಿಗೆ ಬಂದ. ಮುಖ ಕೆಂಪಗಿತ್ತು.

"ಅಮ್ಮ ಪಕ್ಕದಲ್ಲಿ ಕೂತಿದ್ಲು ಗೋಪಾಲಣ್ಣ. ಅರವತ್ತರಲ್ಲಿ ಹೋಗ್ತಿದ್ದೆ, ಅರವತ್ತು. ನನ್ ಫ್ರೆಂಡ್ ನೋಡ್ದ, ಟೈರೆಲ್ಲ ಹೊಸ ಥರಾನೇ ಇದೆ, ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಆ ಸಸ್ಪೆನ್ಶನ್ ಕೂರ್ಸಿದ್ದೇ ಸರಿ ಇಲ್ಲ ಅಂದ. ಯಾರು ಮಾಡಿದ್ದು ಆ ಕೆಲ್ಸ?"

ಟೈರಿನ ಪಟ್ಟೆಗಳು ಆಳವಾಗಿದ್ದವು, ನೋಡುವುದಕ್ಕೆ ಫಳಫಳ ಅನ್ನುತ್ತಿದ್ದವು. ಅವನ್ನು ಯಾರು ಅನುಮಾನಿಸುತ್ತಾರೆ? ಗಂಗಣ್ಣ ಹತ್ತಡಿ ದೂರದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನನಗೆ ಹೇಳುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಆ ಹೊತ್ತಿನಲ್ಲಿ ನಾನು ಹೇಳಿದ್ದು: "ಕೆಲಸ ಎಲ್ಲ ಗಂಗಣ್ಣಂದೇ. ನಾನು ಕೈ ಹಾಕಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆ ಹಾಕಿದ ಕೈ ನನ್ನದು.

ಗಂಗಣ್ಣ ವಾದ ಮಾಡಲಿಲ್ಲ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಭಯ ಇತ್ತು. ತಾನು ಯಾವುದೋ ಬೋಲ್ಟು ಸಡಿಲ ಬಿಟ್ಟಿದ್ದೆನೇನೋ ಅಂತ ನಿಜವಾಗಿ ಹೆದರಿದ. ಅವತ್ತೇ ಮಧ್ಯಾಹ್ನ ಜಖಂ ಆದ ಗಾಡಿ ಎಳೆದು ನಿಲ್ಲಿಸಿದ್ದ ಯಾರ್ಡಿಗೆ ಸ್ಪ್ಯಾನರು ತಗೊಂಡು ಹೋದ. ಗಾಡಿ ಕೆಳಗೆ ಎರಡು ಗಂಟೆ ಮಲಗಿ ಒಂದೊಂದೇ ಬೋಲ್ಟು ನೋಡಿದನಂತೆ. ಸಂಜೆ ವಾಪಸ್ ಬಂದವನು ಕೈ ತೊಳೆದುಕೊಂಡ. "ಬೋಲ್ಟೆಲ್ಲ ಬಿಗಿಯಾಗೇ ಅವೆ" ಅಂದ. ನಾನು "ಹೌದಾ" ಅಂದೆ. ಇನ್ನೇನಾದರೂ ಹೇಳುತ್ತಾನೇನೋ ಅಂತ ಬಿಲ್ ಪುಸ್ತಕ ತಿರುವಿಹಾಕುತ್ತ ಕಾದೆ. ಹೇಳಲಿಲ್ಲ. ಸದ್ಯ, ಅಂಕಿ ನೋಡಿಲ್ಲ ಅಂದುಕೊಂಡೆ.

ಸುದ್ದಿ ಮಾತ್ರ ನಿಲ್ಲಲಿಲ್ಲ. ಆ ಹುಡುಗರದ್ದು ವಾಟ್ಸಾಪ್ ಗುಂಪುಗಳಿರುತ್ತವೆ. ಗಂಗಣ್ಣ ಕೂರಿಸಿದ ಸಸ್ಪೆನ್ಶನ್ನಿನಿಂದ ಒಂದು ಗಾಡಿ ಹೋಯಿತಂತೆ ಅನ್ನುವುದು ಯಲಹಂಕದ ತನಕ ಹೋಯಿತು. ಬುಕ್ ಆಗಿದ್ದ ಮೂರು ಗಾಡಿ ಬರಲಿಲ್ಲ. ಬಂದವರು ಒಬ್ಬಿಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಬೇರೆ ಮೆಕ್ಯಾನಿಕ್ ಇದ್ದಾರಾ?" ಅಂತ ಕೇಳಿದರು. ಯಾವ ಹೆಸರು ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತೋ ಅದೇ ಹೆಸರು ಈಗ ಬೇಡವಾಗಿತ್ತು. ಖುಷಿ ಆಗಬೇಕಿತ್ತಲ್ಲ, ಆಗಲಿಲ್ಲ.

ಹದಿನೈದು ದಿನ ಆದ ಮೇಲೆ ಗಂಗಣ್ಣ ಬಂದು, ಸೋಂಪುರದ ಫ್ಯಾಕ್ಟರಿ ಒಂದರಲ್ಲಿ ಮೆಶಿನ್ ಮೇಂಟೆನೆನ್ಸ್ ಕೆಲಸ ಸಿಕ್ಕಿದೆ, ನಾಳೆಯಿಂದ ಬರುವುದಿಲ್ಲ ಅಂದ. "ಯಾಕೆ ಗಂಗಣ್ಣ, ಇಲ್ಲೇ ಇರು" ಅಂತ ಒಂದು ಸಲ ಅಂದೆ. ಎರಡನೇ ಸಲ ಅನ್ನಲಿಲ್ಲ. ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿಕೊಂಡು ಅವನು ಬಸ್ಸು ಹತ್ತಿದಾಗ ನನಗೆ ಹಗುರವಾಯಿತು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ದಿನಾ ಎದುರಿಗೆ ಕಾಣುತ್ತಿದ್ದ ಮುಖ ಇನ್ನು ಕಾಣುವುದಿಲ್ಲವಲ್ಲ ಅಂತ.

ಆ ಹಗುರ ಎಂಟು ತಿಂಗಳು ಎಳೆದಾಡಿಕೊಂಡು ನಡೆಯಿತು. ಈ ಜನವರಿಯಲ್ಲಿ ಸೂಲಿಬೆಲೆಯಲ್ಲಿ ಬೀಗರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಹೆಂಗಸು ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದಳು. ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಯಾರೋ ನನ್ನನ್ನು ದೊಡ್ಡಬಳ್ಳಾಪುರದ ಚೌಡೇಶ್ವರಿ ಟೈರ್ಸ್‌ನವರು ಅಂತ ಪರಿಚಯ ಮಾಡಿಸಿದರು.

"ಓ, ಗಂಗಣ್ಣನ ಅಂಗ್ಡೀವ್ರಾ" ಅಂದಳು ಆಯಮ್ಮ. "ನಾನು ದೇವರಾಜನ ತಾಯಿ. ಚೆನ್ನಾಗವ್ರಾ ಗಂಗಣ್ಣ? ನನ್ ಕೈ ಮುರ್ದಾಗ ನಮ್ಮನೆಗೆ ಬಂದಿದ್ರು. 'ತಪ್ಪು ನಂದೇ ಕಣವ್ವ, ಟೈರು ನೋಡ್ದೆ ಹೊಸದು ಅಂತ ನಿನ್ ಮಗನಿಗೆ ಹೇಳ್ಬಿಟ್ಟೆ' ಅಂತ ನನ್ ಕಾಲು ಮುಟ್ಟಕ್ಕೆ ಬಂದ್ರು. ನನ್ಗಿಂತ ದೊಡ್ಡೋರು, ನಾನು ಕಾಲು ಎಳ್ಕೊಂಡೆ. ನಮ್ಮ ಹುಡ್ಗ ಮುಖ ಕೊಟ್ಟು ಮಾತಾಡ್ಲಿಲ್ಲ. ಪಾಪ, ನೀರೂ ಕುಡೀದೆ ಎದ್ದು ಹೋದ್ರು."

ಎಲೆಯ ಮೇಲೆ ಪಾಯಸ ಬಡಿಸುತ್ತಿದ್ದರು. ನಾನು ಎಲೆ ಮಡಿಚಿ ಎದ್ದು, ಕೈ ತೊಳೆದು, ಆಯಮ್ಮ ಹೊರಗೆ ಬರುವ ತನಕ ಶಾಮಿಯಾನದ ಕಂಬದ ಹತ್ತಿರ ನಿಂತಿದ್ದೆ. ಬಂದ ಮೇಲೆ ಎಲ್ಲ ಹೇಳಿದೆ. ಅಟ್ಟ, ಏಳು ವರ್ಷ, ಪಾರ್ಸೆಲ್ಲಿನ ನೆಪ, ಹೊಸದು ಅಂದಿದ್ದು, ಎಲ್ಲವನ್ನೂ. ಆಯಮ್ಮ ಬೈಯಲಿಲ್ಲ.

"ಅಂಗಾದ್ರೆ ಆವಪ್ಪ ಯಾಕೆ ನನ್ ಕಾಲಿಗೆ ಬಿದ್ದಿದ್ದು?" ಅಂತ ಕೇಳಿದಳು.

"ನನ್ ಮಗನಿಗೂ ನೀವೇ ಹೇಳಿ" ಅಂತ ಅವರ ಮನೆಗೆ ಕರೆದುಕೊಂಡು ಹೋದಳು. ದೇವರಾಜ್ ಪೂರ್ತಿ ಕೇಳಿದ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಅಲ್ಲಿಂದ ಸೀದಾ ಸಾಸಲಿಗೆ ಗಾಡಿ ತಿರುಗಿಸಿದೆ.

ಅವತ್ತು ಭಾನುವಾರ, ಫ್ಯಾಕ್ಟರಿಗೆ ರಜ. ಗಂಗಣ್ಣ ಜಗಲಿಯ ಮೇಲೆ ಹೆಂಡತಿ ರುಕ್ಮಿಣಮ್ಮನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದ. ರುಕ್ಮಿಣಮ್ಮ ಕಾಫಿ ಮಾಡುವುದಕ್ಕೆ ಒಳಗೆ ಹೋದಳು. ನಾನು ಚಾಪೆಯ ತುದಿಯಲ್ಲಿ ಕೂತೆ.

"ಗಂಗಣ್ಣ, ಆ ಟೈರು..." ಅಂದೆ.

"ಹದ್ನಾಲ್ಕು ಹದ್ನೆಂಟು" ಅಂದ ಅವನು, ಕಾಯಿ ಸುಲಿಯುತ್ತಲೇ.

"ನಿನಗೆ ಗೊತ್ತಿತ್ತಾ?"

"ಯಾರ್ಡಲ್ಲಿ ಕೆಳಗೆ ಮಲಗಿದ್ನಲ್ಲ, ಕಣ್ಣೆದುರಿಗೇ ಇತ್ತು. ನಾಲ್ಕರಲ್ಲೂ ಅದೇ."

"ಗೊತ್ತಿದ್ದೂ ಅವರ ಮನೆಗೆ ಹೋಗಿ ತಪ್ಪು ನಂದು ಅಂದ್ಯಂತೆ."

"ಆ ಹುಡುಗನಿಗೆ ಹೊಸದು ಅಂತ ಹೇಳ್ದೋನು ನಾನೇ ಅಲ್ವಾ? ನೋಡ್ದೇ ಇರೋದನ್ನ ನೋಡ್ದೋನ ಥರ ಹೇಳ್ಬಿಟ್ಟೆ. ನಂದು ನಾನು ಹೇಳ್ಕೊಂಡು ಬಂದೆ. ನಿಮ್ದು ನಾನು ಹೆಂಗೆ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. ಅಳುವ ಬದಲು ಸಿಟ್ಟು ಬಂತು, ನನ್ನ ಜಾಯಮಾನವೇ ಅಂಥದ್ದು. "ಅವತ್ತು ಸಂಜೆನೇ ನನ್ನ ಕೊರಳಪಟ್ಟಿ ಹಿಡಿದು ಕೇಳ್ಬಾರ್ದಿತ್ತಾ? ಒಂದು ಮಾತು ಕೇಳಿದ್ರೆ ನಿನ್ನ ಹೆಸರಾದ್ರೂ ಉಳೀತಿತ್ತಲ್ಲೋ" ಅಂದೆ.

ಗಂಗಣ್ಣ ಸುಲಿದ ಕಾಳನ್ನು ಮೊರಕ್ಕೆ ಸುರಿದು ಕೈ ಕೊಡವಿಕೊಂಡ.

"ಅದಾದ್ಮೇಲೆ ಹದ್ನೈದು ದಿನ ಅಂಗಡೀಲೇ ಇದ್ನಲ್ಲ ಗೋಪಾಲಣ್ಣ. ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ."

ಆ ಹದಿನೈದು ದಿನ ನಾನು ಅವನ ಹತ್ತಿರ ಆಡಿದ ಮಾತೆಲ್ಲ ನೆನಪಿಗೆ ಬಂತು. ಬಿಸಿಲು ಜಾಸ್ತಿ ಅಂದಿದ್ದೆ. ಕಂಪ್ರೆಸರಿನ ಬೆಲ್ಟು ಸವೆದಿದೆ, ತರಿಸಬೇಕು ಅಂದಿದ್ದೆ. ಒಂದು ಬೆಳಿಗ್ಗೆ ಅವನನ್ನು ಕೌಂಟರಿನ ಹತ್ತಿರ ಕರೆದು, ಇನ್ನು ಮೇಲಾದರೂ ನೋಡಿಕೊಂಡು ಕೆಲಸ ಮಾಡು ಗಂಗಣ್ಣ, ನಿನ್ನಿಂದ ಅಂಗಡಿ ಹೆಸರು ಕೆಡುತ್ತಿದೆ ಅಂತ ಬುದ್ಧಿಯನ್ನೂ ಹೇಳಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಆಗಲಿ ಅಂದಿದ್ದ.